ಅಕ್ಕನ ಕಾಡಿನ ಹಿಮ

ನಾನು ವಿದ್ಯಾನಗರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಕಡತದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ನನ್ನ ಕಣ್ಣಿಗೆ ಬೀಳುತ್ತದೆ ಎಂಬ ಜಂಬ ಬೇರೆ. ಆ ಕಣ್ಣಿನ ಮಾನ ಕಳೆದದ್ದು ನಮ್ಮದೇ ಮನೆಯ ಗೋಡೆಯ ಮೇಲಿದ್ದ ಒಂದು ಚಿತ್ರ.

ಬರೆದವಳು ಅಕ್ಕ. ಅಡೂರಿನ ಕಡೆ ಶಾಲೆಯಲ್ಲಿ ಚಿತ್ರಕಲೆಯ ಟೀಚರ್ ಆಗಿದ್ದಳು. ಒಮ್ಮೆ ಸಹೋದ್ಯೋಗಿಗಳ ಜೊತೆ ಹಿಮಾಚಲಕ್ಕೆ ಪ್ರವಾಸ ಹೋದವಳು ಹಿಮ ಬಿದ್ದ ದೇವದಾರು ಕಾಡಿನಲ್ಲಿ ಒಂದು ಮಧ್ಯಾಹ್ನ ಕಳೆದು ಬಂದಳು. ಬಂದದ್ದೇ, ಕಿಟಕಿಯಷ್ಟು ದೊಡ್ಡ ಕಾಗದದಲ್ಲಿ ಪೋಸ್ಟರ್ ಬಣ್ಣದಿಂದ ಆ ಕಾಡನ್ನು ಬರೆದಳು. ಮರಗಳು ನೇರಳೆ, ಆಕಾಶ ಕಿತ್ತಳೆ, ಕೊಂಬೆಗಳ ಮೇಲೆ ರಾಶಿ ಬಿಳಿ. ನಮ್ಮ ಹೊಸ ಮನೆಯ ಒಕ್ಕಲಿಗೆ ಅದನ್ನೇ ಉಡುಗೊರೆ ಕೊಟ್ಟಳು. "ಅಕ್ಕ, ನಿನ್ನ ಕಾಡಿಗೆ ಜ್ವರವಾ ಎಂತ?" ಎಂದು ತಮಾಷೆ ಮಾಡಿದ್ದೆ. "ಮೊದಲು ಗಾಜು ಹಾಕಿಸು ಮಾರಾಯ," ಎಂದಳು. ಹಾಕಿಸಲಿಲ್ಲ. ಟಿ.ವಿ.ಯ ಮೇಲೆ ಎತ್ತರದಲ್ಲಿ ತೂಗುಹಾಕಿ ಮರೆತೆ.

ಕಳೆದ ವರ್ಷ ಆಟಿ ತಿಂಗಳ ಮಳೆಗೆ ಮನೆಯೆಲ್ಲ ಬೂಷ್ಟು ಹಿಡಿಯಿತು. ಬೆಲ್ಟು, ಚಪ್ಪಲಿ, ಕಪಾಟಿನ ಬಾಗಿಲು, ಎಲ್ಲದರ ಮೇಲೂ ಬಿಳಿ. ಒಂದು ಭಾನುವಾರ ಒದ್ದೆ ಬಟ್ಟೆ ಹಿಡಿದು ಹೊರಟವನು ಸ್ಟೂಲು ಹತ್ತಿ ಚಿತ್ರವನ್ನೂ ಒರೆಸಿದೆ. ಬೇರೆ ಕಡೆ ತಿಕ್ಕಿ ತಿಕ್ಕಿ ಕೈ ಸೋತಿತ್ತು. ಇಲ್ಲಿ ಎಷ್ಟು ಸಲೀಸಾಗಿ ಹೋಗುತ್ತದೆ ಎಂದು ಖುಷಿಯಾಯಿತು. ಅಡುಗೆಮನೆಯಿಂದ ಬಂದ ಹೆಂಡತಿ ತಲೆಯೆತ್ತಿ ನೋಡಿ, "ಹಿಮ ಎಲ್ಲಿ?" ಎಂದಳು.

ಹಿಮ ಬಟ್ಟೆಯಲ್ಲಿತ್ತು. ಕಾಗದದ ಮೇಲೆ ಕೆಸರಿನ ಬಣ್ಣದ ಪಟ್ಟೆಗಳು ಉಳಿದಿದ್ದವು.

ಆ ಹೊತ್ತಿಗೆ ಸಕ್ಕರೆ ಕಾಯಿಲೆ ಅಕ್ಕನ ಎರಡೂ ಕಣ್ಣು ತಿಂದಿತ್ತು. ಇನ್ನೊಮ್ಮೆ ಬರೆದುಕೊಡು ಎನ್ನುವ ಹಾಗಿಲ್ಲ. ಹೇಳಿಬಿಡಬೇಕೆಂದೇ ಫೋನ್ ಮಾಡಿದೆ. ಅವಳೇ ಮೊದಲು ಕೇಳಿದಳು: "ನನ್ನ ಕಾಡು ಹೇಗುಂಟು? ಹಿಮ ಹಳದಿ ಆಗಿದೆಯಾ?"

"ಇಲ್ಲ ಅಕ್ಕ, ಬೆಳ್ಳಗೇ ಉಂಟು," ಎಂದುಬಿಟ್ಟೆ. ಹೇಡಿತನ, ಅದಕ್ಕೆ ಬೇರೆ ಹೆಸರಿಲ್ಲ.

ಆಮೇಲೆ ಅದೇ ರೂಢಿಯಾಯಿತು. ಪ್ರತಿ ಭಾನುವಾರ ಅವಳು ಕಾಡಿನ ಬಗ್ಗೆ ಕೇಳುವುದು, ನಾನು ಹಾಳಾದ ಕಾಗದದ ಎದುರು ನಿಂತು ವರ್ಣಿಸುವುದು. ಕೇಳುತ್ತಾ ಕೇಳುತ್ತಾ ಅವಳ ದನಿ ಹಗುರಾಗುತ್ತಿತ್ತು. ನನಗೆ ಆ ದಿನ ಊಟ ಸೇರುತ್ತಿರಲಿಲ್ಲ. ಆದರೂ ಸುಳ್ಳಿಗೆ ಉಪ್ಪು ಖಾರ ಹಚ್ಚುತ್ತಲೇ ಹೋದೆ.

ಹೋದ ತಿಂಗಳು ಬಲಗಡೆಯ ಒಂಟಿ ಮರ ಹೇಗುಂಟು ಎಂದು ಕೇಳಿದಳು. ಆ ಮೂಲೆಯಲ್ಲಿ ಈಗ ಕಂದು ಕಲೆ ಮಾತ್ರ. "ಅದರಲ್ಲೇ ಅಲ್ವಾ ಅಕ್ಕ ಹಿಮ ಜಾಸ್ತಿ ಇರುವುದು, ಕೊಂಬೆ ಬಗ್ಗಿ ಹೋಗಿದೆ," ಎಂದೆ.



"ಅದಕ್ಕೆ ನಾನು ಹಿಮ ಹಾಕಲೇ ಇಲ್ಲ," ಎಂದಳು. "ಸಿಡಿಲು ಬಡಿದು ಸುಟ್ಟ ಮರ ಅದು. ಅಲ್ಲಿ ಎಲ್ಲರೂ ಫೋಟೋ ತೆಗೆಯುವಾಗ ನಾನು ನೋಡುತ್ತಾ ನಿಂತದ್ದೇ ಅದನ್ನು. ಉಳಿದ ಕಾಡು ಬರೆದದ್ದು ಅದೊಂದು ಮರಕ್ಕಾಗಿ. ಇಷ್ಟು ವರ್ಷದಲ್ಲಿ ನೀನು ಆ ಚಿತ್ರ ಒಮ್ಮೆಯಾದರೂ ನೋಡಿದ್ದುಂಟಾ?"

"ಇಲ್ಲ ಅಕ್ಕ," ಎಂದೆ.

ಒರೆಸಿದ ವಿಷಯ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು, "ಹಾಗಾದರೆ ಇನ್ನು ನನಗೆ ಹೇಳುವುದು ಬೇಡ," ಎಂದು ಫೋನನ್ನು ಭಾವನ ಕೈಗೆ ಕೊಟ್ಟಳು.