ಇಲ್ಲದ ಕಾಯಿಲೆಗೆ ನಾನು ಕೋಡ್ ಹಾಕಲಿಲ್ಲ

2003ರಲ್ಲಿ ನಾನು ಚೆನ್ನೈನ ಪೋರೂರಿನ ಒಂದು ಕಂಪನಿಯಲ್ಲಿ ಮೆಡಿಕಲ್ ಕೋಡರ್ ಆಗಿದ್ದೆ. ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಓದಿ, ಮದುವೆಯಾಗಿ ಪೆರಂಬೂರಿಗೆ ಬಂದವಳು. ನನ್ನ ಕೆಲಸ ಏನೆಂದು ವಿವರಿಸಿ ವಿವರಿಸಿ ಸಾಕಾಗಿಹೋಗಿತ್ತು. ಅಮೆರಿಕದ ವೈದ್ಯರು ರೋಗಿಯನ್ನು ನೋಡಿ ಬರೆದ ಟಿಪ್ಪಣಿ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಅದನ್ನು ಓದಿ ಕಾಯಿಲೆಗೆ ಐಸಿಡಿ ಎಂಬ ಪುಸ್ತಕದಲ್ಲಿರುವ ಸಂಖ್ಯೆ, ಅಂದರೆ ಕೋಡ್, ಹಾಕಬೇಕು. ಆ ಸಂಖ್ಯೆ ನೋಡಿಯೇ ಅಲ್ಲಿನ ಇನ್ಶೂರೆನ್ಸ್ ಕಂಪನಿ ಹಣ ಕೊಡುತ್ತದೆ. "ಓ, ಟೈಪಿಂಗ್ ಕೆಲಸಾನಾ?" ಎನ್ನುತ್ತಿದ್ದರು ನಮ್ಮತ್ತೆ. ಹೌದು ಅಂದುಬಿಡುತ್ತಿದ್ದೆ.

ನಮ್ಮ ಟೀಮಿಗೆ ಬರುತ್ತಿದ್ದದ್ದು ಕಣ್ಣಿನ ಕ್ಲಿನಿಕ್‌ಗಳ ಟಿಪ್ಪಣಿ; ಚಾರ್ಟು ಎನ್ನುತ್ತಿದ್ದೆವು. ಎಸಿ ಹಾಲಿನಲ್ಲಿ ಪರದೆ ದಿಟ್ಟಿಸಿ ನಮ್ಮ ಕಣ್ಣೇ ಉರಿಯುತ್ತಿತ್ತು, ಕೋಡ್ ಹಾಕುತ್ತಿದ್ದದ್ದು ಯಾರದೋ ಒಣಗಣ್ಣಿಗೆ! ಬರೀ ಕಣ್ಣೀರು ಕಡಿಮೆಯಾಗಿ ಕಣ್ಣು ಒಣಗಿದ್ದರೆ 375.15. ಅದೇ ಶೋಗ್ರೆನ್ಸ್ ಸಿಂಡ್ರೋಮ್ ಆದರೆ 710.2. ಇದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿ ಬೀಳುತ್ತದೆ. ಒಮ್ಮೆ ಬಂದರೆ ಜನ್ಮಪೂರ್ತಿ ಇರುವ ಕಾಯಿಲೆ. ಕ್ಲಿನಿಕ್ಕಿಗೆ ಬಂದು ಮನೆಗೆ ಹೋಗುವ ರೋಗಿಯ ವಿಷಯದಲ್ಲಿ ನಿಯಮ ಸ್ಪಷ್ಟವಾಗಿತ್ತು. ವೈದ್ಯರು 'ಇರಬಹುದು', 'ಅನುಮಾನವಿದೆ' ಎಂದು ಬರೆದಿದ್ದರೆ ಆ ಕಾಯಿಲೆಯ ಕೋಡ್ ಹಾಕುವಂತಿಲ್ಲ. ಲಕ್ಷಣಗಳಿಗೆ ಮಾತ್ರ ಹಾಕಬೇಕು.

ಆದರೆ ನಮ್ಮ ಹಾಲಿನಲ್ಲಿ ಬೇರೆಯೇ ಪದ್ಧತಿ ಬೆಳೆದಿತ್ತು. ಹಿಂದೊಮ್ಮೆ ಲಕ್ಷಣದ ಕೋಡ್ ಹಾಕಿದ್ದಕ್ಕೆ ರಕ್ತಪರೀಕ್ಷೆಯ ಬಿಲ್ ತಿರಸ್ಕೃತವಾಗಿ, ಕ್ಲಿನಿಕ್‌ನವರು ಕೂಗಾಡಿದ್ದರಂತೆ. ಅಂದಿನಿಂದ ಟೀಮ್ ಲೀಡರ್ ಸಂಪತ್ ಎಲ್ಲರ ಮಾನಿಟರಿಗೂ ಒಂದು ಚೀಟಿ ಅಂಟಿಸಿದ್ದರು: ಕಣ್ಣು ಒಣಗಿದೆ, ಬಾಯಿ ಒಣಗಿದೆ, ರಕ್ತಪರೀಕ್ಷೆ ಬರೆದಿದ್ದಾರೆ ಎಂದರೆ 710.2. ಯೋಚನೆ ಮಾಡಬೇಕಿಲ್ಲ, ಕೆಲಸ ಸರಸರ ಸಾಗುತ್ತದೆ. ಸಂಪತ್ ಕೆಟ್ಟವರಲ್ಲ. ತಿರುವಲ್ಲಿಕೇಣಿಯಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಕನ್ನಡ ಅಯ್ಯಂಗಾರರ ಮನೆಯವರು, ಅರ್ಧ ತಮಿಳು ಬೆರೆಸಿ ಮಾತಾಡುವ ಸಾಧು ಮನುಷ್ಯ. ಬೈಗುಳಕ್ಕೆ ಹೆದರಿದ್ದರು, ಅಷ್ಟೆ.

ಒಂದು ದಿನ ನನಗೆ ಬಂದ ಚಾರ್ಟು ಒಬ್ಬ ಹೆಂಗಸಿನದು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ, ಬಾಯಿ ಒಣಗುತ್ತದೆ. ಕೊನೆಯಲ್ಲಿ ವೈದ್ಯರು 'ಶೋಗ್ರೆನ್ಸ್ ಇರಬಹುದು, ರಕ್ತಪರೀಕ್ಷೆ ಮಾಡಿಸಿ' ಎಂದಿದ್ದರು. ಅದರ ಮೇಲಿನ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಮುಂದಿನ ತಿಂಗಳು ಈಕೆ ಕೆಲಸ ಬಿಟ್ಟು ಸ್ವಂತ ಹೊಲಿಗೆ ಅಂಗಡಿ ಇಡುತ್ತಾಳೆ, ಕಾರ್ಖಾನೆ ಕೊಡುತ್ತಿದ್ದ ಇನ್ಶೂರೆನ್ಸಿನ ಬದಲು ಸ್ವಂತವಾಗಿ ಕೊಳ್ಳುತ್ತಾಳೆ ಎಂದಿತ್ತು.

ಆ ಕಾಲದಲ್ಲಿ ಅಲ್ಲಿ ಸ್ವಂತವಾಗಿ ಇನ್ಶೂರೆನ್ಸ್ ಕೊಳ್ಳುವವರ ಹಳೆಯ ದಾಖಲೆಯಲ್ಲಿ ದೊಡ್ಡ ಕಾಯಿಲೆ ಕಂಡರೆ, ಕಂಪನಿಗಳು ಬಾಗಿಲು ಹಾಕಿಬಿಡುತ್ತಿದ್ದವು. ನಾನು 710.2 ಒತ್ತಿದರೆ ಆಕೆಗೆ ವಿಮೆ ಸಿಗದೇ ಹೋಗಬಹುದು. ವಿಮೆಯಿಲ್ಲದೆ ಅವಳು ಕಾರ್ಖಾನೆ ಬಿಡುವ ಹಾಗಿಲ್ಲ. ಇನ್ನೂ ಬಂದೇ ಇಲ್ಲದ ರೋಗಕ್ಕೆ ಅವಳ ಅಂಗಡಿಗೆ ಬೀಗ!

ನಾನು 375.15 ಹಾಕಿದೆ, ಬಾಯಿ ಒಣಗುವುದಕ್ಕೆ ಇನ್ನೊಂದು ಕೋಡ್ ಹಾಕಿದೆ. ಪರಿಶೀಲನೆಯಲ್ಲಿ ಸಂಪತ್ ಅದನ್ನು ತಿರುಗಿಸಿ ಕಳಿಸಿದರು. ಮತ್ತೆ ಅದನ್ನೇ ಹಾಕಿದೆ. ಎದ್ದು ಬಂದರು.

"ಏನ್ ಮಾ ವಸುಧಾ, ಚೀಟಿ ನೋಡಲಿಲ್ಲವಾ? ಸುಮ್ನೆ ಹಾಕ್ಬಿಡು ಮಾ. ಎದುಕ್ಕು ವಂಬು?"

"ವಂಬೂ ಇಲ್ಲ, ತಂಟೇನೂ ಇಲ್ಲ ಸಂಪತ್ ಸಾರ್. ಡಾಕ್ಟ್ರು ಇರಬಹುದು ಅಂದಿದಾರೆ. ಇದೆ ಅನ್ನೋಕೆ ನಾನ್ಯಾರು? ನೀವ್ಯಾರು?"

"ಬಿಲ್ ವಾಪಸ್ ಬಂದ್ರೆ ಯಾರ್ ಮಾ ಬದಿಲ್ ಹೇಳೋದು?"

"ನಾನು ಉತ್ತರ ಹೇಳ್ತೀನಿ. ಆ ಹೆಂಗಸಿಗೆ ಬದಿಲ್ ಯಾರು ಹೇಳ್ತಾರೆ, ಅದನ್ನ ಹೇಳಿ ಮೊದ್ಲು."

ಸಂಪತ್ ತಮ್ಮ ಜಾಗಕ್ಕೆ ಹಿಂತಿರುಗಿದರು. ಆದರೆ ಅವರು ತಮ್ಮ ಐಡಿಯಿಂದಲೇ ಕೋಡ್ ಬದಲಿಸಬಹುದಿತ್ತು. ಅದಕ್ಕೆ ಆಸ್ಪದ ಕೊಡಬಾರದೆಂದು ಚಾರ್ಟನ್ನು ತಡೆಹಿಡಿದು, ಕ್ಲಿನಿಕ್ಕಿಗೆ ನೇರವಾಗಿ ಒಂದು ಪ್ರಶ್ನೆ ಮೇಲ್ ಮಾಡಿದೆ: ಕಾಯಿಲೆ ಖಚಿತವೇ, ಅನುಮಾನವೇ? ನಮ್ಮಲ್ಲಿ ಇದು ಮಹಾಪರಾಧ. ಪ್ರಶ್ನೆಗಳು ಲೀಡರ್ ಮೂಲಕವೇ ಹೋಗಬೇಕು. ಲೀಡರುಗಳು ಕಳಿಸುತ್ತಲೇ ಇರಲಿಲ್ಲ.

ಮರುದಿನವೇ ಮ್ಯಾನೇಜರ್ ಕರೆಸಿದರು. ಕ್ಷಮೆ ಕೇಳಿ ಮೇಲ್ ವಾಪಸ್ ತೆಗೆದುಕೊಂಡರೆ ವಿಷಯ ಇಲ್ಲಿಗೇ ಮುಗಿಯುತ್ತದೆ, ಇಲ್ಲದಿದ್ದರೆ ಬೇರೆ ಕೆಲಸ ಹುಡುಕಿಕೊಳ್ಳಿ ಎಂದರು. ನಾನು ನಿಯಮದ ಪುಟ ತೆರೆದು ಅವರ ಮುಂದಿಟ್ಟೆ. "ಇದು ನನಗೂ ಗೊತ್ತು," ಎಂದರು ತಮಿಳಿನಲ್ಲಿ. "ಗೊತ್ತಿದ್ದೂ ಚೀಟಿ ಅಂಟಿಸೋಕೆ ಬಿಟ್ಟಿದ್ದೀರಲ್ಲ, ಕ್ಷಮೆ ನಾನ್ಯಾಕೆ ಕೇಳಲಿ?" ಎಂದೆ, ನನ್ನ ಹರಕು ತಮಿಳಿನಲ್ಲಿ. ಕೆಲಸ ಹೋಗುವ ಭಯ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಸಿಟ್ಟು ಅದಕ್ಕಿಂತ ಜೋರಾಗಿತ್ತು.

ಮನೆಯಲ್ಲಿ ವಿಷಯ ಹೇಳಿದಾಗ ಅತ್ತೆ, "ಟೈಪಿಂಗ್‌ನಲ್ಲಿ ಇಷ್ಟೆಲ್ಲ ರಾಮಾಯಣ ಇರತ್ತೇನೆ?" ಎಂದರು.

ಆ ವಾರದ ಕೊನೆಗೆ ವೈದ್ಯರ ಉತ್ತರ ಬಂತು. ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆಕೆ ತಿಂಗಳುಗಟ್ಟಲೆ ಅಲರ್ಜಿಯ ಮಾತ್ರೆ ನುಂಗುತ್ತಿದ್ದಳು. ಕಣ್ಣು, ಬಾಯಿ ಎರಡನ್ನೂ ಒಣಗಿಸುತ್ತಿದ್ದದ್ದು ಅದು. ಶೋಗ್ರೆನ್ಸ್ ಇಲ್ಲ, ಕೇಳಿದ್ದು ಒಳ್ಳೆಯದಾಯಿತು ಎಂದು ಬರೆದಿದ್ದರು.

ಸಂಪತ್ ನಿಂತುಕೊಂಡೇ ಅದನ್ನು ನನ್ನ ಪರದೆಯಲ್ಲಿ ಓದಿದರು. ನನ್ನ ಮಾನಿಟರಿನ ಚೀಟಿಯನ್ನು ತಾವೇ ಕಿತ್ತರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ತಗ್ಗಿದ ದನಿಯಲ್ಲಿ, "ಇನ್ನೂ ಎಷ್ಟು ಜನಕ್ಕೆ ಹೀಗೆ ಹಾಕಿದ್ದೀವೋ ಮಾ?" ಎಂದರು.

"ತೆಗೀರಿ, ನೋಡೋಣ," ಎಂದೆ.

ತೆಗೆದೆವು. ಚೀಟಿ ನೋಡಿ ಹಾಕಿದ ಹಳೆಯ ಚಾರ್ಟುಗಳನ್ನೆಲ್ಲ ಇಬ್ಬರೂ ಕೂತು ಮತ್ತೆ ಓದಿ, ತಪ್ಪಿದ್ದಲ್ಲೆಲ್ಲ ತಿದ್ದುಪಡಿ ಕಳಿಸಿದೆವು. ಮ್ಯಾನೇಜರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆ ವರ್ಷದ ಬಡ್ತಿ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರಿರಲಿಲ್ಲ. ಹೊಟ್ಟೆ ಉರಿಯಿತು. ಆದರೂ ಇವತ್ತು ಅದೇ ಚಾರ್ಟು ಮುಂದಿಟ್ಟರೆ ಮತ್ತೆ ಅದನ್ನೇ ಮಾಡುತ್ತೇನೆ.

ಮುಂದೆ ನಾನು ಹೊಸಬರಿಗೆ ತರಬೇತಿ ಕೊಡತೊಡಗಿದೆ. "ಮೇಡಂ, ಡಾಕ್ಟರಿಗೇ ಮುಕ್ಕಾಲು ಪಾಲು ಅನುಮಾನ ಇದ್ರೆ?" ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಿದ್ದರು. ಆಗ ಈ ಹೆಂಗಸಿನ ಕಥೆ ಹೇಳುತ್ತಿದ್ದೆ. ನಾವು ಹಾಕುವ ಸಂಖ್ಯೆಯ ಆ ತುದಿಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ, ನಮ್ಮ ಅವಸರವನ್ನು ಅವನ ಹಣೆಗೆ ಅಂಟಿಸುವ ಹಕ್ಕು ನಮಗಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಆಕೆಯ ಹೊಲಿಗೆ ಅಂಗಡಿ ನಡೆಯಿತೋ, ಮುಚ್ಚಿತೋ ನನಗೆ ತಿಳಿಯದು. ಮುಚ್ಚಿದ್ದರೆ, ಪೋರೂರಿನಲ್ಲಿ ಕೂತಿದ್ದ ನಾನಂತೂ ಅದಕ್ಕೆ ಕಾರಣಳಲ್ಲ.