ಸೈಕಲ್ ಟ್ಯೂಬಿನ ಬಿಸಿನೀರು

ಮೊನ್ನೆ ಸೊಸೆ ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿ ತಂದು ನನ್ನ ಭುಜದ ಮೇಲಿಟ್ಟಳು. ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡು ಹದಿನೈದು ದಿನವಾಗಿತ್ತು. ಪ್ಲಾಸ್ಟರಿನ ಭಾರಕ್ಕೆ ಭುಜವೂ ಹಿಡಿದುಕೊಂಡಿತ್ತು. ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೈ ತನ್ನಷ್ಟಕ್ಕೆ ಮುಷ್ಟಿ ಕಟ್ಟಿತು. “ಬಾಳ ಬಿಸಿ ಆತೇನ್ರಿ ಅತ್ತಿ?” ಎಂದು ಸೊಸೆ ಗಾಬರಿಯಾದಳು. ಇಲ್ಲವೆಂದೆ. ಮುಷ್ಟಿ ಯಾಕೆ ಕಟ್ಟಿತೆಂದು ಹೇಳಬೇಕಾದರೆ ಮಾಗಳದ ಹೊಳೆದಂಡೆಯ ಬಂಗಲೆಯಿಂದ ಶುರುಮಾಡಬೇಕು, ಅವಳಿಗೋ ಒಲೆಯ ಮೇಲೆ ಹಾಲಿತ್ತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಎಂಬತ್ತನೆಯ ಇಸವಿಯ ಆಚೀಚಿನ ಮಾತು. ನನ್ನಪ್ಪ ಹಡಗಲಿಯಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಅವ್ವ ತೀರಿಕೊಂಡ ಮರುವರ್ಷವೇ ಅವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮಾತು ಮಾತ್ರ ಉಳಿಯಿತು, ಅದರ ಜೊತೆ ಹಟವೂ ಉಳಿಯಿತು. ಊಟ ಮಾಡಿಸಿಕೊಳ್ಳುತ್ತಿದ್ದರು, ಅಂಗಿ ತೊಡಿಸಿಕೊಳ್ಳುತ್ತಿದ್ದರು, ಆದರೆ ಬಚ್ಚಲಿಗೆ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. ಅವರ ಬೆನ್ನಿಗೆ ನೀರು ಹಾಕಿದವಳು ಜೀವಮಾನದಲ್ಲಿ ಅವ್ವ ಒಬ್ಬಳೇ. ಒಂದು ಕೈಯಲ್ಲಿ ಹೇಗೋ ಮೈ ತೋಯಿಸಿಕೊಂಡು ಹೊರಬರುತ್ತಿದ್ದರು, ಅರ್ಧ ಬೆನ್ನು ಒಣಗಿಯೇ ಇರುತ್ತಿತ್ತು. ಅದನ್ನು ನೋಡಿಯೂ ನೋಡದವಳಂತೆ ನಾನು ಟವಲು ಹೊದಿಸುತ್ತಿದ್ದೆ.

ಮಾಗಳದಲ್ಲಿ ಲಕ್ವಕ್ಕೆ ಎಣ್ಣೆ ತಿಕ್ಕುವ ವೈದ್ಯರೊಬ್ಬರಿದ್ದರು. ಹನ್ನೊಂದು ದಿನ ಎಣ್ಣೆ ತಿಕ್ಕಬೇಕು, ತಿಕ್ಕಿದ ಮೇಲೆ ಭುಜದ ಮೇಲೆ ಬಿಸಿನೀರು ಬೀಳಬೇಕು. “ತಂಬಿಗಿಲೆ ಸುರುವಿದ್ರ ಆಗಂಗಿಲ್ಲವ್ವ, ಒಂದ ಸಮ ಧಾರಿ ಬೀಳಬೇಕು” ಎಂದರು. ಆಮೇಲೆ ನನ್ನನ್ನು ಬದಿಗೆ ಕರೆದು, “ಆ ಕಡಿ ಮೈಗೆ ಸುಟ್ಟಿದ್ದು ಗೊತ್ತಾಗಂಗಿಲ್ಲ. ಬೊಬ್ಬಿ ಎದ್ರ ಮಾಯಂಗಿಲ್ಲ. ನೀವ ನೋಡ್ಕೋಬೇಕು” ಎಂದರು. ಹುಟ್ಟಾ ಅಂಜುಬುರುಕಿ ನಾನು. ಶಾಲೆಯಲ್ಲಿ ಮಕ್ಕಳ ಹಾಜರಿಯನ್ನು ಎರಡೆರಡು ಸಲ ಕೂಗುತ್ತಿದ್ದವಳು. ನನಗೆ ಇಂಥ ಕೆಲಸ ಬಂತು ನೋಡಿ.

ಉಳಿದುಕೊಳ್ಳಲು ಜಾಗ ಕೊಟ್ಟವನು ಹನುಮಂತಪ್ಪ. ಅಪ್ಪನ ಹಳೆಯ ವಿದ್ಯಾರ್ಥಿ, ಹೊಳೆದಂಡೆಯ ಸರಕಾರಿ ಬಂಗಲೆಯ ಕಾವಲುಗಾರ. “ಆಷಾಢದಾಗ ಯಾವ ಸಾಹೇಬ್ರೂ ಈ ಕಡಿ ಹಾಯಂಗಿಲ್ರಿ ಅಕ್ಕಾರ. ಮ್ಯಾಲಿನವರನ್ನ ಕೇಳೀನಿ, ಹೂಂ ಅಂದಾರ” ಎಂದು ಬೀಗ ತೆಗೆದ. ಹೊಳೆಗೆ ಕೆಂಪು ಹೊಸನೀರು ಬಂದಿತ್ತು. ಗಾಳಿ ಹಗಲೆಲ್ಲ ಬಾಗಿಲು ಬಡಿಯುತ್ತಿತ್ತು. ಬಚ್ಚಲಲ್ಲಿ ಸಾಹೇಬರಿಗೆಂದು ಹಾಕಿಸಿದ ಶವರೂ ಇತ್ತು. ತಿರುಗಿಸಿದೆ, ಒಂದು ಜೇಡ ಇಳಿದು ಬಂತು. ಪಂಪನ್ನು ರಿಪೇರಿಗೆ ಬಿಚ್ಚಿದ್ದರಂತೆ.

ಆ ಪಂಪು ಬಿಚ್ಚಿದ ಮೆಕ್ಯಾನಿಕ್ ಖಾದರ್ ಸಾಬರೇ ನಮ್ಮ ಪಾಲಿಗೆ ದೊರಕಿದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಗಡ್ಡ ಕೆರೆದುಕೊಂಡು ಸೈಕಲ್ ಹತ್ತಿ ಹೋದವರು ಒಂದು ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ತಂದರು. ಬಚ್ಚಲ ಹೊರಗೆ, ಕಿಟಕಿಗಿಂತ ಎತ್ತರದ ಕಟ್ಟೆಯ ಮೇಲೆ ಬಿಸಿನೀರು ತುಂಬಲು ಒಂದು ಖಾಲಿ ಎಣ್ಣೆ ಡಬ್ಬಿ ಇಟ್ಟು ಅದರ ಬುಡಕ್ಕೆ ಟ್ಯೂಬು ಸಿಕ್ಕಿಸಿದರು. ಟ್ಯೂಬಿನ ಇನ್ನೊಂದು ತುದಿ ಕಿಟಕಿಯಿಂದ ಒಳಗಿಳಿಯಿತು. ಅದಕ್ಕೆ ಮೊಳೆಯಿಂದ ತೂತು ಹೊಡೆದ ಹಾಲಿನಪುಡಿ ಡಬ್ಬಿ ಕಟ್ಟಿದರು. ನಲ್ಲಿ ಇರಲಿಲ್ಲ. ನಾನು ಹೊರಗೆ ನಿಂತು ಟ್ಯೂಬನ್ನು ಮುಷ್ಟಿಯಲ್ಲಿ ಹಿಸುಕಿ ಹಿಡಿಯಬೇಕು, ಸಡಿಲ ಬಿಟ್ಟರೆ ನೀರು.

ಅಪ್ಪ ಇದಕ್ಕೆ ಒಪ್ಪಿದರು, ಯಾಕೆಂದರೆ ಯಾರೂ ಒಳಗೆ ಬರುವ ಹಾಗಿರಲಿಲ್ಲ. “ನಾ ಕರೀದ ಒಳಗ ಕಾಲಿಡಬ್ಯಾಡ. ಮಾತು ಕೊಡು” ಎಂದರು. ಕೊಟ್ಟೆ. ಚಿಲಕ ಹಾಕಬಾರದೆಂಬ ನನ್ನ ಒಂದೇ ಷರತ್ತಿಗೆ ಅವರೂ ತಲೆಯಾಡಿಸಿದರು.

ಮೊದಲ ದಿನ ಹಂಡೆಯ ನೀರಿಗೆ ತಣ್ಣೀರು ಬೆರೆಸಿದೆ, ಕೈಯಿಟ್ಟು ನೋಡಿದೆ, ಅಂಜಿಕೆಯಾಗಿ ಮತ್ತೆ ಬೆರೆಸಿದೆ. ಒಳಗಿನಿಂದ ಮೈದಾನದ ದನಿ ಬಂತು: “ಬಿಡು.” ಬಿಟ್ಟೆ. “ಹಿಡಿ.” ಹಿಡಿದೆ. ಹೊರಬಂದ ಅಪ್ಪನ ಹಲ್ಲು ಕಟಕಟ ಎನ್ನುತ್ತಿದ್ದವು. “ತಣ್ಣಗಿದ್ವೇನಪ್ಪ?” ಎಂದರೆ, “ಚಲೋ ಇದ್ವು” ಎಂದರು.

ಖಾದರ್ ಸಾಬರು ನಕ್ಕರು. “ತೂತಿನಿಂದ ಎಳಿ ಎಳಿ ಬೀಳೋದ್ರಾಗ ಗಾಳಿಗೆ ಆರ್ತಾವಮ್ಮ. ಡಬ್ಬಿಯಾಗ ಕೈ ಇಟ್ರ ಏನು ಗೊತ್ತಾಗತೈತಿ? ಮೊದ್ಲು ನೀವು ಕೆಳಗ ನಿಂತು ನೋಡ್ರಿ.”

ಅಂದಿನಿಂದ ಸೀರೆಯಲ್ಲೇ ಮೊದಲ ಸ್ನಾನ ನನ್ನದು. ಹನುಮಂತಪ್ಪನ ಹೆಂಡತಿ ಹೊರಗೆ ಟ್ಯೂಬು ಹಿಡಿಯುತ್ತಿದ್ದಳು. ಆಮೇಲೆ ತೊಯ್ದು ತೊಪ್ಪೆಯಾದವಳು ಗಾಳಿಯಲ್ಲಿ ನಿಂತು ಅಪ್ಪನಿಗೆ ನೀರು ಬಿಡುತ್ತಿದ್ದೆ. ರಬ್ಬರಿನೊಳಗೆ ಹರಿಯುವ ಬಿಸಿ ನನ್ನ ಅಂಗೈಗೆ ತಾಗುತ್ತಿತ್ತು. ಅದು ಹೆಚ್ಚೋ ಕಡಿಮೆಯೋ ಎಂಬ ಲೆಕ್ಕದಲ್ಲೇ ನನ್ನ ಜೀವ ಅರ್ಧವಾಗುತ್ತಿತ್ತು. ಸ್ನಾನ ಮುಗಿದ ಮೇಲೆ ಟವಲು ಹೊದಿಸುವ ನೆವದಲ್ಲಿ ಆ ಭುಜವನ್ನು ಕಣ್ಣಲ್ಲೇ ತಡವುತ್ತಿದ್ದೆ.

ನಾಲ್ಕನೆಯ ದಿನ ಗಾಳಿ ಜಾಸ್ತಿಯಿತ್ತೆಂದು ಎರಡು ತಂಬಿಗೆ ಕುದಿನೀರು ಹೆಚ್ಚಿಗೆ ಸುರಿದೆ. ನಾನು ಧಾರೆಯ ಕೆಳಗೆ ನಿಂತು ನೋಡಿದ್ದು ಅದಕ್ಕಿಂತ ಮೊದಲು. “ಬಿಡು” ಎಂದರು, ಬಿಟ್ಟೆ. ಅಂಗೈ ಚುರುಕ್ ಎಂದಿತು. “ಹಿಡಿ” ಬರಲಿಲ್ಲ. ಕಾದೆ. ಡಬ್ಬಿ ಗೊಳಗೊಳ ಎಂದು ಬರಿದಾಯಿತು, ಆಗಲೂ ಬರಲಿಲ್ಲ.

“ಅಪ್ಪಾ?”

ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಭುಜ ಬೆಂದುಹೋಗಿದೆ, ಅವರಿಗೆ ಗೊತ್ತೇ ಆಗಿಲ್ಲ. ಇಲ್ಲವೇ ಎರಡನೆಯ ಸಲ ಲಕ್ವ ಹೊಡೆದಿದೆ ಅಂದುಕೊಂಡೆ. ಬಾಗಿಲಿಗೆ ಬಂದು ನಿಂತೆ. ಹಂಡೆಗೆ ಕಟ್ಟಿಗೆ ಒಟ್ಟುತ್ತಿದ್ದ ಹನುಮಂತಪ್ಪ, “ಒಳಗ ಹೋಗ್ರಿ ಅಕ್ಕಾರ” ಎಂದ. “ಮಾತು ಕೊಟ್ಟೀನಿ” ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಹೆತ್ತಪ್ಪ ಒಳಗೆ ಏನಾಗಿದ್ದಾನೋ, ನಾನು ಹೊರಗೆ ಮಾತಿನ ಲೆಕ್ಕ ಇಡುತ್ತಿದ್ದೆ. ಕೊನೆಗೆ ಬಾಗಿಲ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ಒಳಗಿನಿಂದ ದನಿ ಬಂತು. ಮೈದಾನದ ದನಿಯಲ್ಲ.

“ಯವ್ವಾ, ಕಣ್ಣಾಗ ಸಬಕಾರ ಹೋಗೇತಿ. ಒಳಗ ಬಾ.”

ಅಪ್ಪ ಒದ್ದೆ ಪಂಚೆಯಲ್ಲಿ ಕಲ್ಲಿನ ಮೇಲೆ ಕೂತಿದ್ದರು, ಮುಖದ ತುಂಬ ನೊರೆ. ನೀರು ಮುಗಿದಿದೆ, ಕಣ್ಣು ಉರಿಯುತ್ತಿದೆ, ಆದರೂ ಕರೆಯಲಾರದೆ ಅಷ್ಟು ಹೊತ್ತು ಹಾಗೇ ಕೂತಿದ್ದರು. ನಾನು ಮೊದಲು ನೋಡಿದ್ದು ಭುಜವನ್ನು. ತುಸು ಕೆಂಪಗಾಗಿತ್ತು, ಬೊಬ್ಬೆ ಇರಲಿಲ್ಲ. ಆಮೇಲೆ ತಂಬಿಗೆ ತಂದು ಮುಖ ತೊಳೆದೆ, ಬೆನ್ನು ತಿಕ್ಕಿದೆ, ವರ್ಷದಿಂದ ಒಣಗಿದ್ದ ಅರ್ಧವನ್ನೂ ತಿಕ್ಕಿದೆ. ಅಪ್ಪ ಕಣ್ಣು ಮುಚ್ಚಿಕೊಂಡೇ, “ನಿಮ್ಮವ್ವ ಇಷ್ಟ್ ಜೋರ್ ತಿಕ್ಕತಿದ್ದಿಲ್ಲ” ಎಂದರು. ನನಗೆ ಅಳು ಬಂತು. ಬಚ್ಚಲಲ್ಲಿ ಅತ್ತರೆ ಯಾರಿಗೂ ತಿಳಿಯುವುದಿಲ್ಲ.

ಉಳಿದ ಏಳು ದಿನ ಧಾರೆ ಬೀಳುವಾಗ ಹೊರಗೆ ಟ್ಯೂಬು ಹಿಡಿದವನು ಹನುಮಂತಪ್ಪ, ಒಳಗೆ ಇದ್ದವಳು ನಾನು. ಅಪ್ಪನ ಬಲಗೈ ಪೂರ್ತಿ ಬರಲಿಲ್ಲ, ಲೋಟ ಹಿಡಿಯುವಷ್ಟು ಬಂತು.

ಇವತ್ತು ಬೆಳಿಗ್ಗೆ ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಚ್ಚಲಲ್ಲಿ ಕೂತಿದ್ದೆ. ಗೀಸರಿನ ನೀರು ಬಕೀಟಿನಲ್ಲಿತ್ತು, ಚಿಲಕ ಹಾಕಿತ್ತು. ಹೊರಗೆ ಸೊಸೆ ಎಂದಿನಂತೆ, “ಅತ್ತಿ, ಬೆನ್ನಿಗೆ ನೀರು ಹಾಕಲೇನ್ರಿ?” ಎಂದು ಕೇಳಿದಳು. ಕೈ ಮುರಿದಾಗಿನಿಂದ ನಾನು “ಬ್ಯಾಡವ್ವ” ಎನ್ನುತ್ತಲೇ ಇದ್ದೆ. ಅವಳು ಬಾಗಿಲ ಬಳಿಯಿಂದ ಕದಲದೆ ನಿಂತಿರುತ್ತಾಳೆಂದು ನನಗೆ ಗೊತ್ತು. ಎಡಗೈಯಿಂದ ಚಿಲಕ ಸರಿಸಿದೆ.

“ಸಬಕಾರ ಎಲ್ಲೋ ಜಾರಿ ಹೋತವ್ವ, ಸಿಗವಲ್ದು. ಒಳಗ ಬಾ” ಎಂದೆ. ಸಬಕಾರ ನನ್ನ ತೊಡೆಯ ಮೇಲೇ ಇತ್ತು.