ಗೋಲಿನ ಗೆರೆ ಬಿಡದ ಗೆರೆ ಅಕ್ಕ

ಹದಿನೇಳನೆಯ ವಯಸ್ಸಿನಲ್ಲಿ, ಮುರಿದ ಬಲ ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗ, ಇವರು ಅಮ್ಮನಿಗೆ ಒಂದು ಮಾತು ಕೊಟ್ಟರು: "ಆಡೋದು ಬಿಡಲ್ಲ. ಆದ್ರೆ ಇನ್ಮೇಲೆ ಗೋಲಿನ ಗೆರೆ ಬಿಟ್ಟು ಮುಂದೆ ಓಡಲ್ಲ." ಚೆಂಡು ಹಿಡಿಯಲು ಗೋಲು ಬಿಟ್ಟು ಮುಂದೆ ಓಡಿ, ಎದುರಾಳಿಯ ಮೊಣಕಾಲಿಗೆ ಸಿಕ್ಕಿ ಬಿದ್ದಿದ್ದ ಮಗಳ ತಲೆ ಬಾಚುವುದರಿಂದ ಹಿಡಿದು ಊಟ ಮಾಡಿಸುವವರೆಗೆ ಎಲ್ಲವನ್ನೂ ಅಮ್ಮನೇ ಮಾಡಿದ್ದರು. ಆ ಮಾತಿಗೆ ಈಗ ಹತ್ತಿರ ಹತ್ತಿರ ಮೂವತ್ತು ವರ್ಷ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ಡಿಪೋ ಹಿಂದಿನ ಮೈದಾನದಲ್ಲಿ ಇವರು ತೂತು ಮಾಡಿದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತಾ ಗೋಲಿನ ಗೆರೆ ಎಳೆಯುತ್ತಿದ್ದಾರೆ. ಹುಡುಗಿಯರ ಬಾಯಲ್ಲಿ ಇವರು 'ಗೆರೆ ಅಕ್ಕ'. ಎಂಟು ಗಂಟೆಗೆ ಆಸ್ಪತ್ರೆಯಲ್ಲಿ ಹಾಸಿಗೆಬಟ್ಟೆ ಒಗೆಯುವ ಕೆಲಸ. ಅಷ್ಟರೊಳಗೆ, ಬಿಡಿಗಾಸು ಮುಟ್ಟದೆ, ನಮ್ಮ ಬಡಾವಣೆಯ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರನ್ನೂ ಡಿಫೆಂಡರುಗಳನ್ನೂ ತಿದ್ದುತ್ತಾರೆ. ನಾವು ಹೆತ್ತವರು ಆಕಳಿಸುತ್ತಾ ಮಕ್ಕಳನ್ನು ಗೇಟಿನ ಬಳಿ ಬಿಟ್ಟು ಕೆಲಸಕ್ಕೆ ಓಡುತ್ತೇವೆ. ಬಿದ್ದವರ ಮಂಡಿ ತೊಳೆಯುವವರು ಇವರು.

ಮೊದಲ ಪಾಠ ಹಾಸಿಗೆಯದು. ಆಸ್ಪತ್ರೆಯವರು ಎಸೆದ ಹಳೇ ಫೋಮ್ ಹಾಸಿಗೆಯನ್ನು ಎದೆಗವುಚಿಕೊಂಡು ಗೆರೆ ಅಕ್ಕ ಡಿಫೆಂಡರುಗಳ ಮೈಮೇಲೆ ಬೀಳುತ್ತಾರೆ. ಎಲ್ಲರಿಗಿಂತ ಗಿಡ್ಡಗಿರುವ, ಎಲ್ಲರಿಗಿಂತ ಗಟ್ಟಿಯಾಗಿ ಬೈಯುವ ಹುಡುಗಿಗೆ ಇಲ್ಲಿ 'ಮೆಣಸು' ಎಂದು ಹೆಸರು. ಅವಳು ಎರಡೂ ಕೈಯಲ್ಲಿ ಹಾಸಿಗೆಯನ್ನು ತಳ್ಳುತ್ತಾಳೆ.

"ಕೈ ಯಾಕೆ ಬರುತ್ತೆ? ಬಸ್ಸಲ್ಲಿ ಸೀಟು ಹಿಡೀತಿದ್ದೀಯಾ?" ಎನ್ನುತ್ತಾರೆ ಅಕ್ಕ. "ಭುಜಕ್ಕೆ ಭುಜ ಕೊಡು. ಚೆಂಡಿಗೂ ಎದುರಾಳಿಗೂ ಮಧ್ಯೆ ನಿನ್ನ ಮೈ ಇರ್ಲಿ, ಸಾಕು."

"ನನ್ನ ಭುಜ ಅವಳ ಸೊಂಟಕ್ಕೆ ಬರುತ್ತಲ್ಲ ಅಕ್ಕ," ಎನ್ನುತ್ತಾಳೆ ಮೆಣಸು.

"ಒಳ್ಳೇದಾಯ್ತು. ಅವಳಿಗೆ ಬಗ್ಗೋಕೆ ಬರಲ್ಲ."

ಆಮೇಲೆ ಕೀಪರ್ ಸರದಿ. ಅವಳು ಉದ್ದ, ಅಡ್ಡಹೆಸರು 'ಏಣಿ'. ನನ್ನ ಮಗಳು. ಹಾಗಾಗಿ ಈ ಬರಹದಲ್ಲಿ ಒಂಚೂರು ಪಕ್ಷಪಾತವಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು. ಗೆರೆ ಅಕ್ಕ ಹೇಳಿಕೊಡುವುದು ಇಷ್ಟು: ಡಿಫೆಂಡರ್ ಎದುರಾಳಿಯ ಜೊತೆಗೇ ಓಡುತ್ತಿದ್ದರೆ ಕೀಪರ್ ಗೆರೆಯಲ್ಲೇ ಇರಬೇಕು. ಎದುರಾಳಿ ಒಬ್ಬಳೇ ನುಗ್ಗಿ ಬಂದು, ಚೆಂಡು ಅವಳ ಕಾಲಿನಿಂದ ಒಂದು ಹೆಜ್ಜೆ ಜಾಸ್ತಿ ಜಾರಿತೋ, 'ನಂದು' ಎಂದು ಕೂಗಿ ಹೊರಡಬೇಕು. "ಹೊರಟ್ರೆ ಪೂರ್ತಿ ಹೋಗು. ಅರ್ಧದಲ್ಲಿ ನಿಂತ್ರೆ ಗೋಲೂ ಹೋಯ್ತು, ಹಲ್ಲೂ ಹೋಯ್ತು."

ಏಣಿಗೆ ಇದೆಲ್ಲ ಬಾಯಿಪಾಠ. ಆದರೂ ಪಂದ್ಯದಲ್ಲಿ ಬೇರು ಬಿಟ್ಟವಳ ಹಾಗೆ ಗೆರೆಯ ಮೇಲೆ ನಿಲ್ಲುತ್ತಾಳೆ. ಇದೇ ತರಹದ ಗೋಲು ಮತ್ತೆ ಮತ್ತೆ ಬಿದ್ದು, ತಂಡದ ಕೋಚ್ ಸಾರ್ ಖಡಾಖಂಡಿತವಾಗಿ ಹೇಳಿದ್ದಾರೆ: ಈ ವಾರ ತಿದ್ದಿಕೊಳ್ಳದಿದ್ದರೆ ಶನಿವಾರ ಬೇರೆ ಕೀಪರ್.

ಕಾರಣ ಗೆರೆ ಅಕ್ಕನಿಗೆ ಗೊತ್ತು. "ನಾನು ಬಾಯಲ್ಲಿ ಹೋಗು ಅಂತೀನಿ, ಕಾಲು ಗೆರೆ ಮೇಲೇ ಇರುತ್ತೆ. ಮಕ್ಕಳು ನೋಡಿ ಕಲಿಯೋದು ಕಾಲನ್ನ," ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಇವರು ಮುಂದೆ ಓಡಿ ತೋರಿಸಿಲ್ಲ. ಆಡುವ ದಿನಗಳಲ್ಲೂ ಹಾಗೇ ನಿಂತು ನಿಂತು ತಂಡದಲ್ಲಿ ಜಾಗ ಕಳೆದುಕೊಂಡರು. ಅಮ್ಮನ ಮೇಲೆ ಬೇಜಾರಿಲ್ಲವೇ? "ಎಂಥ ಬೇಜಾರು? ಆಡಬೇಡ ಅನ್ನಬಹುದಿತ್ತಲ್ಲ, ಅನ್ನಲಿಲ್ಲ."

ಮೆಟ್ಟಿಲು ಹತ್ತಿ ಹೋದರೆ ಇವರದು ಒಂದೇ ಕೋಣೆಯ ಮನೆ. ಕಿಟಕಿಯ ಹತ್ತಿರ ಕೂತ ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. "ಕೊಟ್ಟ ಮಾತಿಗೆ ತಪ್ಪಿದೋಳಲ್ಲ ನನ್ನ ಮಗಳು," ಎಂದು ನನಗೆ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ. ಮಗಳು ಪಕ್ಕದಲ್ಲಿ ಕೂತು ತಾನೂ ಒಂದು ಗೆಡ್ಡೆ ಬಿಡಿಸತೊಡಗುತ್ತಾರೆ.

"ಅಮ್ಮಾ, ಆ ಹುಡುಗಿಗೆ ಒಂದ್ಸಲ..."

"ಕೇಳ್ಬೇಡ," ಎನ್ನುತ್ತಾರೆ ಅಮ್ಮ. "ಕೇಳಿದ್ರೆ ಬೇಡ ಅಂತೀನಿ. ಅದಕ್ಕೇ ಕೇಳ್ಬೇಡ." ಇನ್ನೊಂದು ಎಸಳು ಸುಲಿದು, ಬೆಳ್ಳುಳ್ಳಿಯಿಂದ ಕಣ್ಣೆತ್ತದೆ, "ಆ ಭುಜದ ಮೇಲೆ ಬೀಳ್ಬೇಡ," ಎಂದು ಸೇರಿಸುತ್ತಾರೆ.

ಮರುದಿನ ಬೆಳಿಗ್ಗೆ ನಾನು ಗೇಟಿನ ಬಳಿಯಿಂದ ಕೆಲಸಕ್ಕೆ ಓಡುವುದಿಲ್ಲ. ಗೆರೆ ಅಕ್ಕ ಏಣಿಯನ್ನು ಪಕ್ಕಕ್ಕೆ ನಿಲ್ಲಿಸಿ ತಾವೇ ಗೋಲಿಗೆ ನಿಲ್ಲುತ್ತಾರೆ. ಮೆಣಸು ಚೆಂಡು ಉರುಳಿಸುತ್ತಾ ಒಬ್ಬಳೇ ನುಗ್ಗಿ ಬರುತ್ತಾಳೆ. ಚೆಂಡು ಒಂದು ಹೆಜ್ಜೆ ಜಾಸ್ತಿ ಜಾರುತ್ತದೆ. "ನಂದು" ಎಂಬ ಕೂಗು ಡಿಪೋ ಗೋಡೆಗೆ ಬಡಿದು ವಾಪಸು ಬರುವಷ್ಟರಲ್ಲಿ ಅಕ್ಕ ಎಡಮಗ್ಗುಲಾಗಿ ಜಾರಿ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡಿದ್ದಾರೆ. ಮೆಣಸು ಅವರನ್ನು ಹಾರಿ ದಾಟಿ, ಅಚ್ಚರಿಯಿಂದ ತಿರುಗಿ ನೋಡುತ್ತಾಳೆ.

"ಇಷ್ಟೇನಾ ಅಕ್ಕ?" ಎನ್ನುತ್ತಾಳೆ ಏಣಿ.

"ಇಷ್ಟೇ ಕಣೆ. ಬಾ, ನಿಲ್ಲು."

ಮೊದಲ ಸಲ ಅವಳು ತಡ ಮಾಡುತ್ತಾಳೆ, ಎರಡನೆಯ ಸಲ ಅರ್ಧದಲ್ಲಿ ನಿಲ್ಲುತ್ತಾಳೆ. ಮೂರನೆಯ ಸಲ ಕೂಗಿ ಪೂರ್ತಿ ಹೋಗುತ್ತಾಳೆ, ಚೆಂಡು ಅವಳ ಕೈಯಲ್ಲಿರುತ್ತದೆ. ನೋಡುತ್ತಿದ್ದ ಕೋಚ್ ಸಾರ್, "ಶನಿವಾರ ಅವಳೇ ನಿಲ್ಲಲಿ," ಎಂದು ಹೊರಡುತ್ತಾರೆ. ನಾನು ಗೆರೆ ಅಕ್ಕನ ಬೆನ್ನಿಗಂಟಿದ ಮಣ್ಣು ಕೊಡವುತ್ತೇನೆ.

ಅಮ್ಮನಿಗೆ ಕೊಟ್ಟ ಮಾತನ್ನು ಇವರು ಮುರಿದಿದ್ದಾರೆ.